ಯಾರ ಪಕ್ಕ ನಿಲ್ಲಿಸಿ ಅಳೆದರು?

ಎಂಟು ವರ್ಷದ ಮಗುವೊಂದನ್ನು ಪರೀಕ್ಷಕರು ಎದುರಿಗೆ ಕೂರಿಸಿಕೊಳ್ಳುತ್ತಾರೆ. ಒಂದೊಂದು ವಯಸ್ಸಿಗೆ ಆರು ಪ್ರಶ್ನೆ. ಒಂದು ಸರಿಯುತ್ತರಕ್ಕೆ ಎರಡು ತಿಂಗಳು. ಆರು ವರ್ಷದವರ ಪ್ರಶ್ನೆಗಳನ್ನು ಮಗು ಪೂರ್ತಿ ಬಿಡಿಸಿತು: 72 ತಿಂಗಳು. ಏಳು ವರ್ಷದವುಗಳಲ್ಲಿ ಮೂರು, ಎಂಟರಲ್ಲಿ ಒಂದು: ಇನ್ನೂ 8 ತಿಂಗಳು. ಒಂಬತ್ತರಲ್ಲಿ ಒಂದೂ ಬರಲಿಲ್ಲ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಮಾನಸಿಕ ವಯಸ್ಸು 80 ತಿಂಗಳು, ಹುಟ್ಟಿದಂದಿನಿಂದ ಎಣಿಸಿದ ವಯಸ್ಸು 96. ಭಾಗಿಸಿ ನೂರರಿಂದ ಗುಣಿಸಿದರೆ 83. ಬುದ್ಧಿಲಬ್ಧ ಅಂದರೆ ಇದೇ. ನಾವೆಲ್ಲ ಐಕ್ಯೂ ಎನ್ನುವುದು ಮೂಲದಲ್ಲಿ ಇದನ್ನೇ.

ಈ ಲೆಕ್ಕದಲ್ಲಿ ನಡೆದದ್ದು ಇಷ್ಟು: ಮಗುವನ್ನು ಬೇರೆ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ನೋಡಿದರು. ಆ ಸಾಲಿನಲ್ಲಿ ಯಾರಿದ್ದರು, ಯಾವಾಗ ಇದ್ದರು ಎಂಬುದರ ಮೇಲೆ ಅಂಕಿ ನಿಂತಿದೆ.

ಮೊದಲ ಸಾಲು ಪ್ಯಾರಿಸ್ಸಿನದು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಬಗೆಯಲ್ಲಿ ಕಲಿಸಲೆಂದು ಆಲ್ಫ್ರೆಡ್ ಬಿನೆ ಮತ್ತು ಥಿಯೊಡೊರ್ ಸಿಮೋನ್ 1905ರಲ್ಲಿ 30 ಪರೀಕ್ಷೆಗಳ ಮಾಪನ ರೂಪಿಸಿದರು. ಬುದ್ಧಿ ಬೆಳೆಯುವಂಥದ್ದು ಎಂದೇ ಬಿನೆ ನಂಬಿದ್ದರು. ಅವರು ತೀರಿಕೊಂಡದ್ದು 1911ರಲ್ಲಿ. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಭಾಗಾಕಾರ ತಂದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಜನರನ್ನು ಪರೀಕ್ಷೆಗೆ ಕೂರಿಸಿತು. ಇಂಗ್ಲಿಷ್ ಬಾರದವರಿಗೆ ಚಿತ್ರಗಳನ್ನು ಕೊಟ್ಟರು. ಒಂದರಲ್ಲಿ ಟೆನಿಸ್ ಅಂಗಳ; ನಡುವಿನ ಬಲೆ ಇಲ್ಲ, ಅದನ್ನು ಗುರುತಿಸಬೇಕು. ಟೆನಿಸ್ಸನ್ನೇ ಕಾಣದ ವಲಸಿಗ ಏನು ಮಾಡಬೇಕಿತ್ತು? ಈ ಅಂಕಿಗಳನ್ನು ಹಿಡಿದುಕೊಂಡು ವಲಸೆಗಾರರು ದಡ್ಡರೆಂದು ವಾದಿಸಿದವರಿದ್ದರು. ಬಿನೆಯ ಕೆಲಸಕ್ಕೆ ಇದಕ್ಕಿಂತ ದೊಡ್ಡ ದ್ರೋಹ ನನಗೆ ಕಾಣದು.

ನಮ್ಮ ಕಡೆ ಆದದ್ದು ಇದಕ್ಕೆ ತದ್ವಿರುದ್ಧ. ಅಂದಿನ ಮುಂಬಯಿ ಕರ್ನಾಟಕದಲ್ಲಿ ವಿ.ವಿ. ಕಾಮತ್ ಬಿನೆಯ ಮಾಪನವನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ ಮತ್ತೆ ಕಟ್ಟಿದರು. 1934ರಲ್ಲಿ ಅದು ಬೆಳಕಿಗೆ ಬಂತು. ನಮ್ಮ ಮಗುವನ್ನು ನಮ್ಮ ಮಕ್ಕಳ ಪಕ್ಕದಲ್ಲೇ ನಿಲ್ಲಿಸಬೇಕು ಎಂಬ ಆ ಹಟ ದೊಡ್ಡದು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ನನ್ನ ಕಳವಳ ಇರುವುದೂ ಇಲ್ಲೇ: ಆ ಸಾಲು ಈಗ ಹಳೆಯದು. ಅಮೆರಿಕದಲ್ಲಿ 1932ರಿಂದ 1978ರವರೆಗೆ ಸರಾಸರಿ ಅಂಕ ಸುಮಾರು 14ರಷ್ಟು ಏರಿತ್ತೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಅದಕ್ಕೇ ವೆಕ್ಸ್ಲರ್ ಎಂಬ ಇನ್ನೊಂದು ಬಗೆಯ ಬುದ್ಧಿಮಾಪನಗಳ ಸಾಲನ್ನು ಆಗಾಗ ಹೊಸದಾಗಿ ಕಟ್ಟುತ್ತಾರೆ. ಅವುಗಳಲ್ಲಿ ಭಾಗಾಕಾರವಿಲ್ಲ, ಓರಗೆಯವರ ಸರಾಸರಿಯೇ 100, ಮೂರರಲ್ಲಿ ಎರಡು ಪಾಲು ಜನ 85ರಿಂದ 115ರೊಳಗೆ. ಹಳೆಯ ಸಾಲಿನ ಪಕ್ಕ ನಿಂತ ಇಂದಿನ ಮಗು ಇದ್ದುದಕ್ಕಿಂತ ಎತ್ತರ ಕಾಣುವ ಸಾಧ್ಯತೆ ಉಂಟು. ಬೌದ್ಧಿಕ ಅಂಗವೈಕಲ್ಯದ ಗಡಿ ಸುಮಾರು 70. ಹೊಸ ಮಾಪನದಲ್ಲಿ 67 ಬರಬೇಕಾದ ಮಗುವಿಗೆ ಹಳೆಯದರಲ್ಲಿ 74 ಬಂದರೆ, ಪ್ರಮಾಣಪತ್ರ ಕೈತಪ್ಪಬಹುದು. ಅದರ ಹಿಂದೆ ಬರುವ ಮಾಸಾಶನ, ಪರೀಕ್ಷೆಯಲ್ಲಿನ ವಿನಾಯಿತಿ ಕೂಡ. ಮನೆಯಲ್ಲಿ ಲಂಬಾಣಿ ಇಲ್ಲವೇ ತುಳು ಆಡುವ ಮಗುವನ್ನು ಪುಸ್ತಕದ ಕನ್ನಡದಲ್ಲಿ ಕೇಳಿದರೆ ತಪ್ಪು ಇನ್ನೊಂದು ದಿಕ್ಕಿಗೆ ವಾಲುತ್ತದೆ.

ವರದಿ ಕೈಗೆ ಬಂದಾಗ ತಂದೆತಾಯಿ ಅಂಕಿಯ ಜೊತೆ ಇನ್ನಷ್ಟು ಕೇಳಬಹುದು: ಯಾವ ಪರೀಕ್ಷೆ, ಯಾವ ಇಸವಿಯ ಮಾನಕ, ಯಾವ ಭಾಷೆಯಲ್ಲಿ ಕೇಳಿದಿರಿ? ಬಟ್ಟೆ ಹಾಕಿಕೊಳ್ಳುವುದು, ಅಂಗಡಿಗೆ ಹೋಗಿ ಬರುವುದು, ಇವನ್ನು ನೋಡಿದಿರಾ? ಮಗು ಅಂದು ಹಸಿದಿತ್ತೇ, ಹೆದರಿತ್ತೇ?