ಪಕ್ಕಪಕ್ಕದ ಮೂರು ಪಿನ್‌ಕೋಡ್

ಹನೂರಿನ ಪಿನ್‌ಕೋಡ್ 571439. ಕೊಳ್ಳೇಗಾಲದ್ದು 571440, ಯಳಂದೂರಿನದು 571441. ಚಾಮರಾಜನಗರ ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳು ಎಣಿಕೆಯಲ್ಲೂ ಒಂದರ ಬೆನ್ನಿಗೊಂದು ನಿಂತಿವೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಏರ್ಪಾಡಿನಲ್ಲಿ ಮೊದಲ ಮೂರು ಅಂಕಿ ಕಾಗದವನ್ನು ವಿಂಗಡಿಸುವ ಜಿಲ್ಲೆಯನ್ನು ಸೂಚಿಸುತ್ತವೆ, ಉಳಿದ ಮೂರು ಬಟವಾಡೆಯ ಅಂಚೆ ಕಚೇರಿಯನ್ನು. ಕೂಡಿ ಕಳೆಯಲೆಂದು ಇಟ್ಟ ಸಂಖ್ಯೆಗಳಲ್ಲ ಇವು. ಆದರೂ ಒಡೆದು ನೋಡಿದರೆ, ಈ ನೆರೆಹೊರೆಯವರಿಗೆ ಒಬ್ಬರ ಗುರುತು ಒಬ್ಬರಿಗಿಲ್ಲ.

ಕೊಳ್ಳೇಗಾಲ ಧಾರಾಳಿ. 571440 ಎಂದರೆ 2×2×2×2×3×5×2381. ಶೇಷವಿಲ್ಲದೆ ಅದನ್ನು ಭಾಗಿಸುವ ಸಂಖ್ಯೆಗಳು 40. ಹನೂರು ಬಿಗಿ. ಅದರ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ: 5+1+3 ಒಂಬತ್ತು, 7+4+9 ಇಪ್ಪತ್ತು. ವ್ಯತ್ಯಾಸ 11, ಹಾಗಾಗಿ ಸಂಖ್ಯೆಯೂ 11ರಿಂದ ಭಾಗವಾಗುತ್ತದೆ. ಉಳಿಯುವ 51949 ಅವಿಭಾಜ್ಯ, ಅಲ್ಲಿಗೆ ಮುಗಿಯಿತು. ಯಳಂದೂರು 13×113×389. ಮೂವರಲ್ಲಿ ಒಂದೇ ಒಂದು ಅವಿಭಾಜ್ಯವೂ ಸಮಾನವಾಗಿಲ್ಲ, ಇರಲು ಸಾಧ್ಯವೂ ಇಲ್ಲ: ಎರಡು ಸಂಖ್ಯೆಗಳಿಗೆ ಸಮಾನವಾದ ಭಾಜಕ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಇಲ್ಲಿ ವ್ಯತ್ಯಾಸ ಒಂದು ಇಲ್ಲವೇ ಎರಡು. ಎರಡಿರುವ ಹನೂರು, ಯಳಂದೂರು ಎರಡೂ ಬೆಸ.

ನನಗೆ ಹೆಚ್ಚು ರುಚಿಸಿದ್ದು ಇನ್ನೊಂದು ಪ್ರಶ್ನೆ. ಇವುಗಳಲ್ಲಿ ಯಾವುದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು? ಯಾವ ವರ್ಗವನ್ನೇ ಆಗಲಿ 4ರಿಂದ ಭಾಗಿಸಿದರೆ ಶೇಷ 0 ಅಥವಾ 1. ಎರಡು ವರ್ಗ ಕೂಡಿದರೆ ಶೇಷ 3 ಬರುವಂತೆಯೇ ಇಲ್ಲ. ಹನೂರಿನ ಶೇಷ 3. ಒಂದೂ ವರ್ಗ ಹುಡುಕದೆ ಅದು ಹೊರಬಿತ್ತು. ಕೊಳ್ಳೇಗಾಲಕ್ಕೆ ತೊಡಕು 3ರದು: ಎರಡು ವರ್ಗಗಳ ಮೊತ್ತ 3ರಿಂದ ಭಾಗವಾದರೆ 9ರಿಂದಲೂ ಆಗಲೇಬೇಕು. ಅದರ ಅಂಕಿಗಳ ಮೊತ್ತ 21. 3ಕ್ಕೆ ಸರಿ, 9ಕ್ಕೆ ಅಲ್ಲ.

ಯಳಂದೂರಿನ ಮೂರೂ ಅವಿಭಾಜ್ಯಗಳು 4ರಿಂದ ಭಾಗಿಸಿದಾಗ 1 ಉಳಿಸುತ್ತವೆ. ಅಂಥ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ ಎಂದು ಫರ್ಮಾ 1640ರಲ್ಲಿ ಬರೆದ. ಸಾಧನೆ ಕೊಟ್ಟವನು ಮುಂದಿನ ಶತಮಾನದ ಆಯ್ಲರ್. 13 ಎಂದರೆ 2²+3², 113 ಎಂದರೆ 7²+8², 389 ಎಂದರೆ 10²+17². ಇಂಥ ಮೊತ್ತಗಳನ್ನು ಗುಣಿಸಿದರೆ ಮತ್ತೆ ಅಂಥದೇ ಮೊತ್ತ ಬರುತ್ತದೆ. ಆ ಜೋಡಣೆಯ ಸೂತ್ರ ಇನ್ನೂ ಸಾವಿರ ವರ್ಷ ಹಳೆಯದಾದ, 628ರ ಬ್ರಹ್ಮಗುಪ್ತನ ಭಾವನಾ ವಿಧಾನದಲ್ಲೇ ಅಡಗಿದೆ. ಪ್ರತಿ ಜೋಡಣೆಗೂ ಎರಡು ದಾರಿ. ಎರಡು ಸಲ ಜೋಡಿಸಬೇಕಾದ್ದರಿಂದ ಒಟ್ಟು ನಾಲ್ಕು:

200²+729², 295²+696², 465²+596², 529²+540².

ಮೊದಲನೆಯದನ್ನು ಬಾಯಿಲೆಕ್ಕದಲ್ಲೇ ತಾಳೆ ನೋಡಬಹುದು: 40000ಕ್ಕೆ 531441. ಆ 729 ತಾನೇ 27ರ ವರ್ಗ, 9ರ ಘನ ಕೂಡ. ಐದನೆಯ ಬಗೆ ಹುಡುಕಿ ಫಲವಿಲ್ಲ, ಮೂರು ಅವಿಭಾಜ್ಯಗಳಿಗೆ ನಾಲ್ಕೇ.