ಕೌಂಟರಿನ ಹಿಂದೆ ಕೂತವರು ಯಾರು?

ಹೊಸ ಕಂಪ್ಯೂಟರನ್ನು ಚಾಲೂ ಮಾಡಿ ಇನ್ನೂ ಏನನ್ನೂ ತೆರೆಯದಿರುವಾಗಲೇ ಅದರೊಳಗೆ ಹತ್ತಾರು ಪ್ರೋಗ್ರಾಮ್‌ಗಳು ಕೆಲಸಕ್ಕೆ ಹಾಜರಾಗಿರುತ್ತವೆ. ಗಡಿಯಾರವನ್ನು ಸರಿಪಡಿಸುವುದು ಒಂದು, ಅಪ್‌ಡೇಟ್ ಹುಡುಕುವುದು ಇನ್ನೊಂದು, ಪ್ರಿಂಟಿಗೆ ಬಂದ ಕಡತಗಳನ್ನು ಸಾಲಿನಲ್ಲಿ ನಿಲ್ಲಿಸುವುದು ಮತ್ತೊಂದು. ಪರದೆಯ ಮೇಲೆ ಇವುಗಳ ಸುಳಿವೇ ಇರುವುದಿಲ್ಲ. ವಿಂಡೋಸ್‌ನಲ್ಲಿ ಇವಕ್ಕೆ ‘ಸರ್ವಿಸ್’ ಎಂದು ಹೆಸರು, ಯುನಿಕ್ಸ್ ಮತ್ತು ಲಿನಕ್ಸ್‌ನಲ್ಲಿ ‘ಡೀಮನ್’.

ಡೀಮನ್ ಎಂಬ ಹೆಸರಿಗೂ ದೆವ್ವಕ್ಕೂ ನಂಟಿಲ್ಲ. 1963ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಅವರ ತಂಡ ಭೌತವಿಜ್ಞಾನದಿಂದ ಇದನ್ನು ಎರವಲು ತಂದಿತು. ಎರಡು ಕೋಣೆಗಳ ನಡುವಿನ ಪುಟ್ಟ ಬಾಗಿಲನ್ನು ತೆರೆದು ಮುಚ್ಚುತ್ತ, ವೇಗದ ಅಣುಗಳನ್ನೂ ನಿಧಾನದ ಅಣುಗಳನ್ನೂ ಬೇರ್ಪಡಿಸುವ ಜೀವಿಯೊಂದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿ ಕಲ್ಪಿಸಿಕೊಂಡಿದ್ದರು. ಕಣ್ಣಿಗೆ ಬೀಳದೆ ಸದಾ ದುಡಿಯುವ ಆ ಜೀವಿಯೇ ಹೆಸರಿಗೆ ಮೂಲ. ಅದು ಬಾಗಿಲು ಕಾಯುವ ಜೀವಿ ಎಂಬುದು ಮುಂದೆ ಇನ್ನಷ್ಟು ಒಪ್ಪುವಂತಾಯಿತು. ಈ ಪ್ರೋಗ್ರಾಮ್‌ಗಳಲ್ಲಿ ಕೆಲವು ಜಾಲದ ಕಡೆಗೆ ಮುಖ ಮಾಡಿ, ಯಾರಾದರೂ ಬರುತ್ತಾರೆಯೇ ಎಂದು ಕಾಯುತ್ತ ಕೂರುತ್ತವೆ.

ಹಾಗೆ ಕೂರುವ ಜಾಗಕ್ಕೆ ಪೋರ್ಟ್ ಎನ್ನುತ್ತಾರೆ. ಪೋರ್ಟ್ ಎಂದರೆ ತಂತಿ ಸಿಕ್ಕಿಸುವ ತೂತಲ್ಲ, ಬರೀ ಒಂದು ಸಂಖ್ಯೆ. ಅದಕ್ಕೆ 16 ಬಿಟ್‌ಗಳ ಜಾಗ ಮೀಸಲಾಗಿರುವುದರಿಂದ 0ಯಿಂದ 65,535ರ ತನಕ ಲೆಕ್ಕ ಸಿಗುತ್ತದೆ. ದೊಡ್ಡದೊಂದು ಸರ್ಕಾರಿ ಕಚೇರಿಯ ಕೌಂಟರುಗಳನ್ನು ನೆನೆದರೆ ವಿಷಯ ಸುಲಭ. ಗುಮಾಸ್ತರು ಕೂತಿರುವ ಕೌಂಟರು ಮಾತ್ರ ‘ತೆರೆದಿದೆ’. ಕುರ್ಚಿ ಖಾಲಿಯಿದ್ದರೆ, ಬಂದವರಿಗೆ ‘ಇಲ್ಲಿ ಯಾರೂ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಅದು ‘ಮುಚ್ಚಿದ’ ಪೋರ್ಟ್. ಗೇಟಿನಲ್ಲೇ ವಾಚ್‌ಮನ್ ತಡೆದು ಉತ್ತರವನ್ನೇ ಕೊಡದಿದ್ದರೆ ಅದು ಫೈರ್‌ವಾಲ್‌ನ ಕೆಲಸ. ಇನ್ನು ಕೆಲವು ಕೌಂಟರುಗಳು ಒಳಗಿನ ಓಣಿಗಷ್ಟೇ ತೆರೆದಿರುತ್ತವೆ, ಹೊರಗಿನವರಿಗೆ ಕಾಣುವುದೂ ಇಲ್ಲ. 127.0.0.1 ಎಂಬ ವಿಳಾಸದಲ್ಲಿ ಕೂತ ಸರ್ವಿಸ್ ಇಂಥದ್ದು. 0.0.0.0 ಎಂದಿದ್ದರೆ ಅದು ಎಲ್ಲ ದಿಕ್ಕಿಗೂ ಮುಖ ಮಾಡಿದೆ ಎಂದರ್ಥ.

ಯಾವ ಸಂಖ್ಯೆ ಯಾರಿಗೆ ಎಂಬ ಪಟ್ಟಿಯನ್ನು ಬಹುಕಾಲ ಕಾಪಾಡಿದವರು ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್ ಮತ್ತು ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್. 1995ರಲ್ಲಿ ಫಿನ್ಲೆಂಡಿನ ಟಾಟು ಯಲೋನೆನ್, ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಪ್ರೋಗ್ರಾಮ್ ಬರೆದು ಅದಕ್ಕೊಂದು ಸಂಖ್ಯೆ ಬೇಡಿದರು. ಅದು ಎಫ್‌ಟಿಪಿ ಮತ್ತು ಟೆಲ್ನೆಟ್ ಎಂಬ ಹಳೆಯ ವಿಧಾನಗಳ ಜಾಗಕ್ಕೆ ಬರಬೇಕಾದದ್ದು. ಅವುಗಳ ಪೋರ್ಟ್ 21 ಮತ್ತು 23, ನಡುವಿನ 22 ಖಾಲಿ. ಒಂದು ಮಿಂಚಂಚೆ ಕಳಿಸಿದರು, ಮರುದಿನವೇ ಮಂಜೂರಾಯಿತು. ಅರ್ಜಿ ಇಷ್ಟು ಸಲೀಸಾಗಿ ವಿಲೇವಾರಿಯಾದ ಕಚೇರಿ ಅಪರೂಪ.

ಕೌಂಟರಿನಲ್ಲಿ ಯಾರು ಕೂತಿದ್ದಾರೆಂದು ಮಾಲೀಕನಿಗೇ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2003ರ ಜನವರಿ 25ರ ಘಟನೆಗಿಂತ ಒಳ್ಳೆಯ ಉದಾಹರಣೆ ಬೇಡ. ಅಂದು ತಂತಾನೇ ಹರಡಿದ ‘ಸ್ಲ್ಯಾಮರ್’ ಎಂಬ ಕಂಪ್ಯೂಟರ್ ಹುಳುವಿನ ಗಾತ್ರ ಕೇವಲ 376 ಬೈಟ್, ಅಂದರೆ ಈ ಪ್ಯಾರಾದಷ್ಟೂ ಇಲ್ಲ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್ ಕಾಯುತ್ತಿದ್ದ 1434ನೇ ಪೋರ್ಟಿಗೆ ಅದು ಒಂದೇ ಪೊಟ್ಟಣವಾಗಿ ಬಂದು ಬೀಳುತ್ತಿತ್ತು. ಶುರುವಿನಲ್ಲಿ ಪ್ರತಿ 8.5 ಸೆಕೆಂಡಿಗೊಮ್ಮೆ ದುಪ್ಪಟ್ಟಾಗುತ್ತ, ದುರ್ಬಲವಾಗಿದ್ದ ಯಂತ್ರಗಳಲ್ಲಿ ಹೆಚ್ಚಿನವನ್ನು ಹತ್ತೇ ನಿಮಿಷದಲ್ಲಿ ಹಿಡಿಯಿತು. ಕನಿಷ್ಠ 75,000 ಯಂತ್ರಗಳು ಬಲಿಯಾದವು. ತೂತು ಮುಚ್ಚುವ ಪ್ಯಾಚ್ ಆರು ತಿಂಗಳ ಹಿಂದೆಯೇ ಬಂದಿತ್ತು. ಆದರೆ ಈ ಡೇಟಾಬೇಸ್‌ನ ಪುಟ್ಟ ಆವೃತ್ತಿ ಬೇರೆ ತಂತ್ರಾಂಶಗಳ ಜೊತೆ ಸದ್ದಿಲ್ಲದೆ ಬಂದು ಕೂತಿದ್ದ ಕಂಪ್ಯೂಟರುಗಳ ಮಾಲೀಕರು ಪ್ಯಾಚ್ ಹಾಕುವುದಾದರೂ ಯಾತಕ್ಕೆ? ಅಂಥದ್ದೊಂದು ತಮ್ಮಲ್ಲಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ 135ನೇ ಪೋರ್ಟಿನ ಮೂಲಕ ‘ಬ್ಲಾಸ್ಟರ್’ ಎಂಬ ಇನ್ನೊಂದು ಹುಳು ನುಗ್ಗಿತು. 2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನಿಂದ ವಿಂಡೋಸ್‌ನ ಫೈರ್‌ವಾಲ್ ತಾನಾಗಿಯೇ ಚಾಲೂ ಇರತೊಡಗಿತು.

ಆದ್ದರಿಂದ ಹೊಸ ಯಂತ್ರದಲ್ಲಿ ಮೊದಲು ಮಾಡಬೇಕಾದದ್ದು ಹಾಜರಿ. ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್ ಆಜ್ಞೆಗೆ ಎ, ಎನ್, ಒ ಎಂಬ ಮೂರು ಅಕ್ಷರಗಳನ್ನು ಸೇರಿಸಿದರೆ ಯಾವ ಯಾವ ಪೋರ್ಟಿನಲ್ಲಿ ಪ್ರೋಗ್ರಾಮ್‌ಗಳು ಕಾಯುತ್ತಿವೆ ಎಂಬುದರ ಜೊತೆಗೆ ಅವುಗಳ ಕ್ರಮಸಂಖ್ಯೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಎಸ್‌ಎಸ್ ಆಜ್ಞೆ ಇದೇ ಕೆಲಸ ಮಾಡುತ್ತದೆ. ಪಟ್ಟಿಯಲ್ಲಿ 127.0.0.1 ಇರುವ ಸಾಲುಗಳನ್ನು ಸದ್ಯಕ್ಕೆ ಬದಿಗಿಟ್ಟು, ಉಳಿದವುಗಳ ಮಾಲೀಕರು ಯಾರೆಂದು ಒಂದೊಂದಾಗಿ ಹುಡುಕಬೇಕು.

‘ಕಂಪ್ಯೂಟರ್ ವೇಗವಾಗಲು ಈ ಐವತ್ತು ಸರ್ವಿಸ್ ನಿಲ್ಲಿಸಿ’ ಎಂಬ ಬಗೆಯ ಪಟ್ಟಿಗಳನ್ನು ನಂಬುವುದು ಬೇಡ. ಸುಮ್ಮನೆ ಕಾಯುತ್ತಿರುವ ಸರ್ವಿಸ್ ಪ್ರೊಸೆಸರನ್ನು ತಿನ್ನುವುದು ನಗಣ್ಯ. 135ರಲ್ಲಿ ಕೂತಿರುವ ಆರ್‌ಪಿಸಿ ಎಂಬ ಸರ್ವಿಸನ್ನು ಕಿತ್ತರಂತೂ ವಿಂಡೋಸ್ ಸರಿಯಾಗಿ ನಡೆಯುವುದೇ ಇಲ್ಲ. ಅಂಥದ್ದನ್ನು ಒಳಗೆ ಬಿಟ್ಟು ಹೊರಗಿನವರನ್ನು ಫೈರ್‌ವಾಲ್‌ನಲ್ಲಿ ತಡೆಯಬೇಕು. ಪ್ರಿಂಟರೇ ಇಲ್ಲದ ಮನೆಯಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಲು ಮಾತ್ರ ಯೋಚಿಸಬೇಕಿಲ್ಲ. 2021ರ ‘ಪ್ರಿಂಟ್‌ನೈಟ್‌ಮೇರ್’ ದೋಷ ಇದ್ದದ್ದು ಇದರಲ್ಲೇ. ಲಿನಕ್ಸ್ ಬಳಗವೂ ಬೀಗಬೇಕಿಲ್ಲ: ಜಾಲದಲ್ಲಿರುವ ಪ್ರಿಂಟರ್ ಹುಡುಕಲು 631ನೇ ಪೋರ್ಟಿನಲ್ಲಿ ಎಲ್ಲ ದಿಕ್ಕಿಗೂ ಕಿವಿ ತೆರೆದಿದ್ದ ಡೀಮನ್‌ನಲ್ಲಿ 2024ರಲ್ಲಿ ಗಂಭೀರ ದೋಷ ಸಿಕ್ಕಿತು.

ನಿಲ್ಲಿಸುವುದು ಬೇರೆ, ಮತ್ತೆ ಏಳದಂತೆ ಮಾಡುವುದು ಬೇರೆ. ವಿಂಡೋಸ್‌ನಲ್ಲಿ ಸರ್ವಿಸನ್ನು ‘ಸ್ಟಾಪ್’ ಮಾಡಿದರೂ ಅದರ ಆರಂಭದ ಬಗೆ ‘ಆಟೊಮ್ಯಾಟಿಕ್’ ಎಂದೇ ಉಳಿದರೆ ಮುಂದಿನ ಸಲ ಚಾಲೂ ಮಾಡಿದಾಗ ಅದು ಹಾಜರ್. ಅದನ್ನು ‘ಡಿಸೇಬಲ್ಡ್’ ಎಂದು ಬದಲಿಸಬೇಕು. ಲಿನಕ್ಸ್‌ನಲ್ಲಿ ಇನ್ನೊಂದು ತಿರುವಿದೆ. ಕೆಲವು ಡೀಮನ್‌ಗಳ ಪರವಾಗಿ, ಡೀಮನ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ತಾನೇ ಪೋರ್ಟಿನಲ್ಲಿ ಕೂತು, ಯಾರಾದರೂ ಬಂದೊಡನೆ ಡೀಮನನ್ನು ಎಬ್ಬಿಸುತ್ತದೆ. ಅಲ್ಲಿ ಸರ್ವಿಸ್‌ನ ಜೊತೆಗೆ ಅದರ ‘ಸಾಕೆಟ್’ ಘಟಕವನ್ನೂ ನಿಲ್ಲಿಸಬೇಕಾಗುತ್ತದೆ.

ಮನೆಯ ರೌಟರ್ ಹೊರಗಿನವರನ್ನು ಹೇಗೂ ತಡೆಯುತ್ತದಲ್ಲ ಎಂಬ ಮಾತು ಐಪಿವಿ4 ವಿಳಾಸಗಳ ಮಟ್ಟಿಗೆ ಬಹುಪಾಲು ನಿಜ. ಐಪಿವಿ6ನಲ್ಲಿ ಒಳಗಿನ ಪ್ರತಿ ಯಂತ್ರಕ್ಕೂ ಹೊರಗಿನಿಂದ ತಲುಪಬಹುದಾದ ವಿಳಾಸ ಸಿಗಬಹುದು. ಆಗ ತಡೆಯುವುದು ಫೈರ್‌ವಾಲ್ ಒಂದೇ. ಹೋಟೆಲಿನ, ರೈಲು ನಿಲ್ದಾಣದ ವೈಫೈನಲ್ಲಂತೂ ಅಪರಿಚಿತರು ಕಾಂಪೌಂಡಿನ ಒಳಗೇ ಇರುತ್ತಾರೆ. ಅಲ್ಲಿ ವಿಂಡೋಸ್‌ನ ಜಾಲದ ಬಗೆ ‘ಪಬ್ಲಿಕ್’ ಎಂದಿರಬೇಕು. ಬದಲಾವಣೆಗಳೆಲ್ಲ ಮುಗಿದ ಮೇಲೆ ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿ, ಹಾಜರಿ ಪಟ್ಟಿಯನ್ನು ಮತ್ತೆ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ದೊಡ್ಡ ಅಪ್‌ಡೇಟ್ ಬಂದ ನಂತರವೂ ಅಷ್ಟೇ. ಮನೆಗೆ ಕಳಿಸಿದ ಗುಮಾಸ್ತರು ಕುರ್ಚಿಗೆ ಮರಳಿರುವುದುಂಟು.