ಸಾವಿನ ಮನೆಯಲ್ಲಿ ದರ ಕೇಳಬಾರದೇ?

ನಮ್ಮ ದೊಡ್ಡಪ್ಪ ತೀರಿಕೊಂಡ ರಾತ್ರಿ, ಆಸ್ಪತ್ರೆಯ ಶವಾಗಾರದ ಬಾಗಿಲಲ್ಲಿ ಒಬ್ಬ ಮನುಷ್ಯ ಅವರ ಮಗನ, ಅಂದರೆ ನಮ್ಮ ಅಣ್ಣನ ಕೈಗೆ ಕಾರ್ಡು ಕೊಟ್ಟ. "ಎಲ್ಲಾ ನಾವೇ ನೋಡ್ಕೋತೀವಿ ಸಾರ್, ನೀವೇನೂ ತಲೆ ಕೆಡಿಸ್ಕೋಬೇಡಿ" ಎಂದ. ಗಾಡಿ, ಫ್ರೀಜರ್ ಬಾಕ್ಸು, ಚಟ್ಟ, ಹೂವು, ಪುರೋಹಿತರು, ಚಿತಾಗಾರದ ಓಡಾಟ, ಎಲ್ಲಕ್ಕೂ ಸೇರಿ 38 ಸಾವಿರ. ಅಣ್ಣ ಮರುಮಾತಿಲ್ಲದೆ ತಲೆಯಾಡಿಸಿದ. ಅಪ್ಪನ ಹೆಣ ಒಳಗಿರುವಾಗ ಚೌಕಾಸಿ ಮಾಡುವುದು ಹೇಗೆ?

ಮಾರನೆಯ ದಿನ ಬೆಂಗಳೂರಿನ ವಿದ್ಯುತ್ ಚಿತಾಗಾರದ ಕಿಟಕಿಯಲ್ಲಿ ರಸೀದಿ ಕೊಟ್ಟರು. ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡಿದ್ದನ್ನು ರಾತ್ರಿ ಸ್ನಾನ ಮುಗಿಸಿ ಬಿಡಿಸಿ ನೋಡಿದೆ. ದಹನದ ಶುಲ್ಕ 250 ರೂಪಾಯಿ. ಅದು 2019ರ ಮಾತು. ಆ ಎರಡು ಮೊತ್ತಗಳ ನಡುವಿನ ಅಂತರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಉಳಿದ ದುಡ್ಡು ಎಲ್ಲಿಗೆ ಹೋಯಿತು, ಎಷ್ಟು ನ್ಯಾಯವಾದದ್ದು, ಎಷ್ಟು ನಾವು ಕೇಳದೇ ಹೋದದ್ದರಿಂದ ಬಂದದ್ದು ಎಂದು ಆಮೇಲೆ ಒಂದೊಂದಾಗಿ ವಿಚಾರಿಸುತ್ತ ಹೋದೆ. ಹಾಗೆ ಹೋದಾಗ ಕಂಡದ್ದು, ಸಾವಿನ ಖರ್ಚಿನ ಬಗ್ಗೆ ನಾವು ನಂಬಿಕೊಂಡಿರುವುದರಲ್ಲಿ ಬಹಳಷ್ಟು ನಿಜವಲ್ಲ ಎಂಬುದು.

"ಸುಡೋದಕ್ಕೇ ಸಾವಿರಾರು ಬೇಕು"

ಬೇಡ. 2020ರ ಜುಲೈನಲ್ಲಿ ಬಿಬಿಎಂಪಿ ಕೋವಿಡ್‌ನಿಂದ ತೀರಿಕೊಂಡವರ ಅಂತ್ಯಸಂಸ್ಕಾರದ ಶುಲ್ಕ ಮನ್ನಾ ಮಾಡಿತು. ಹಾಗೆ ಮನ್ನಾ ಮಾಡಿದ ಮೊತ್ತ ಎಷ್ಟು ಗೊತ್ತೇ? ದಹನಕ್ಕೆ 250, ಚಟ್ಟಕ್ಕೆ 900, ಅಸ್ಥಿಯ ಮಡಕೆಗೆ 100. ಒಟ್ಟು 1,250 ರೂಪಾಯಿ. ಬೆಂಗಳೂರಿನಂಥ ಊರಿನಲ್ಲಿ ಸರ್ಕಾರಿ ಚಿತಾಗಾರದ ಲೆಕ್ಕ ಅಷ್ಟೇ ಇದ್ದದ್ದು. ದರ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದರೆ ಒಟ್ಟು ಖರ್ಚಿನಲ್ಲಿ ಪಾಲಿಕೆಗೆ ಕಟ್ಟುವುದು ತೀರಾ ಸಣ್ಣ ಪಾಲು ಎಂಬುದು ಬದಲಾಗಿಲ್ಲ.

ಕಟ್ಟಿಗೆಯ ಚಿತೆಯ ಲೆಕ್ಕ ಬೇರೆ. ಒಂದು ದೇಹಕ್ಕೆ ಸುಮಾರು 300ರಿಂದ 400 ಕಿಲೋ ಸೌದೆ ಬೇಕಾಗುತ್ತದೆ. ಮಳೆಗಾಲದಲ್ಲಿ ಒಣ ಸೌದೆ ಸಿಗುವುದು ಕಷ್ಟ, ಸಿಕ್ಕರೂ ತುಟ್ಟಿ. ಹಸಿ ಸೌದೆಯಾದರೆ ಇನ್ನಷ್ಟು ಒಟ್ಟಬೇಕು, ಸೀಮೆಎಣ್ಣೆಯೋ ತುಪ್ಪವೋ ಜಾಸ್ತಿ ಸುರಿಯಬೇಕು. ವಿದ್ಯುತ್ ಕುಲುಮೆಯಲ್ಲಿ ಒಂದು, ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಅಸ್ಥಿಯೂ ಅಂದೇ ಕೈಗೆ ಬರುತ್ತದೆ. ಅಲ್ಲಿ ಶಾಸ್ತ್ರ ನಡೆಯುವುದಿಲ್ಲ ಎಂದು ಹಿರಿಯರು ಹಿಂಜರಿಯುತ್ತಾರೆ. ನಾನು ನೋಡಿದಂತೆ ಹೊರಗಿನ ಕಟ್ಟೆಯ ಮೇಲೆ ದೇಹ ಇಟ್ಟು ನೀರಿನ ಮಡಕೆ ಹೊತ್ತು ಸುತ್ತು ಬರುವುದು, ಬಾಯಿಗೆ ಅಕ್ಕಿ ಹಾಕುವುದು, ಕರ್ಪೂರ ಇಡುವುದು ಎಲ್ಲವನ್ನೂ ಮಾಡಿಸುತ್ತಾರೆ. ನಮ್ಮ ದೊಡ್ಡಮ್ಮನಿಗೂ ಮೊದಲು ಒಪ್ಪಿಗೆ ಇರಲಿಲ್ಲ. ಕಟ್ಟೆಯ ಮೇಲೆ ಮಗ ಎಲ್ಲವನ್ನೂ ಮಾಡಿದ್ದನ್ನು ಕೇಳಿದ ಮೇಲೆ ಸಮಾಧಾನವಾಯಿತು.

"ಪ್ಯಾಕೇಜ್ ತಗೊಂಡರೆ ಅಗ್ಗ"

ಕೆಲವೊಮ್ಮೆ ಅನುಕೂಲ, ಹೆಚ್ಚಿನ ಸಲ ಅಗ್ಗವಲ್ಲ. ಒಂದೇ ಮೊತ್ತ ಹೇಳಿದಾಗ ಹೋಲಿಸಿ ನೋಡಲು ದಾರಿಯೇ ಉಳಿಯುವುದಿಲ್ಲ. ಆ ಮೊತ್ತದೊಳಗೆ ಮೂರು ಬೇರೆ ಬೇರೆ ಲೆಕ್ಕಗಳು ಬೆರೆತಿರುತ್ತವೆ: ಪಾಲಿಕೆಗೆ ಕಟ್ಟುವ ನಿಗದಿ ಶುಲ್ಕ, ಗಾಡಿ-ಪೆಟ್ಟಿಗೆ-ಹೂವಿನಂಥ ಬಾಡಿಗೆ ಮತ್ತು ಸಾಮಾನು, ಪುರೋಹಿತರ ದಕ್ಷಿಣೆ. ಮೊದಲನೆಯದು ಗೋಡೆಯ ಮೇಲಿನ ದರಪಟ್ಟಿಯಲ್ಲಿರುತ್ತದೆ, ಅದನ್ನು ಯಾರೂ ಏರಿಸುವಂತಿಲ್ಲ. ಎರಡನೆಯದೇ ಉಬ್ಬುವುದು.

ಗಾಡಿಯ ಬಾಡಿಗೆ ದೂರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಒಂದು, ಮನೆಯಿಂದ ಸ್ಮಶಾನಕ್ಕೆ ಇನ್ನೊಂದು ಎಂದು ಎರಡು ಬಾಡಿಗೆ ಹಿಡಿಯುವವರಿದ್ದಾರೆ. ಮನೆ ಮುಂದೆ ಕಾದ ಹೊತ್ತಿಗೆ ಬೇರೆ, ರಾತ್ರಿಯಾದರೆ ಬೇರೆ. ಫ್ರೀಜರ್ ಬಾಕ್ಸನ್ನು ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಅಮೆರಿಕದಿಂದ ಮಗಳು ಬರಲಿ ಎಂದು ಎರಡು ದಿನ ಇಟ್ಟುಕೊಂಡರೆ ಬಾಡಿಗೆಯೂ ಎರಡರಷ್ಟಾಗುತ್ತದೆ. ನಮ್ಮ ವಿಷಯದಲ್ಲಿ, ಅದೇ ದಾರಿಗೆ ಅದೇ ಥರದ ಗಾಡಿಗೆ ಎದುರು ಬೀದಿಯವರು ಹೇಳಿದ್ದು ನಾವು ಕೊಟ್ಟದ್ದರ ಅರ್ಧ. ಒಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತು.

ಅದಕ್ಕೇ ನಾನು ಈಗ ಎಲ್ಲರಿಗೂ ಹೇಳುವುದು ಇಷ್ಟೇ. ದುಃಖದಲ್ಲಿರುವವರನ್ನು ದರ ಕೇಳಲು ಕಳಿಸಬೇಡಿ. ಅಳಿಯ, ಪಕ್ಕದ ಮನೆಯವರು, ಆಫೀಸಿನ ಗೆಳೆಯ, ಯಾರಾದರೂ ಒಬ್ಬರು ಪಕ್ಕಕ್ಕೆ ಹೋಗಿ ಇಬ್ಬರನ್ನು ವಿಚಾರಿಸಲಿ. ಬಿಡಿಬಿಡಿಯಾಗಿ ಬರೆದುಕೊಡಿ ಎನ್ನಲಿ. ಬರೆದುಕೊಡಲು ಒಪ್ಪದವರಿಂದ ತೆಗೆದುಕೊಳ್ಳಬೇಡಿ.

"ಹೂಳೋದಾದರೆ ಖರ್ಚೇ ಇಲ್ಲ"

ಹಳ್ಳಿಯಲ್ಲಿ ಇದು ಬಹುಮಟ್ಟಿಗೆ ನಿಜ. ಸ್ಮಶಾನದ ಜಾಗ ಇದ್ದು, ಗುಂಡಿ ತೋಡಲು ಊರವರು ಸೇರಿದರೆ ಹೂವು, ಬಟ್ಟೆಯ ಖರ್ಚಿನಲ್ಲಿ ಮುಗಿಯುತ್ತದೆ. ಪಟ್ಟಣದಲ್ಲಿ ಹಾಗಲ್ಲ. ನಗರದ ವ್ಯಾಪ್ತಿಯಲ್ಲಿ ಗೊತ್ತುಪಡಿಸಿದ ಜಾಗ ಬಿಟ್ಟು ಸ್ವಂತ ಸೈಟಿನಲ್ಲೋ ತೋಟದಲ್ಲೋ ಅನುಮತಿಯಿಲ್ಲದೆ ಹೂಳುವಂತಿಲ್ಲ. ಗೊತ್ತುಪಡಿಸಿದ ಜಾಗಗಳೂ ತುಂಬಿಹೋಗುತ್ತಿವೆ.

ಸಂಪ್ರದಾಯದಿಂದ ಸಂಪ್ರದಾಯಕ್ಕೆ ಖರ್ಚಿನ ಜಾಗವೂ ಬೇರೆಯಾಗುತ್ತದೆ. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಕೂರಿಸಿ ಒಯ್ಯಲು ವಿಮಾನ ಕಟ್ಟಬೇಕು, ಗುಂಡಿ ಆಳವಾಗಿರಬೇಕು, ವಿಭೂತಿ ಗಟ್ಟಿ, ಬಿಲ್ವಪತ್ರೆ ಬೇಕು. ಇಲ್ಲಿ ಕೂಲಿಯೇ ದೊಡ್ಡದು. ಮುಸ್ಲಿಮರಲ್ಲಿ ಪೆಟ್ಟಿಗೆಯ ಅಗತ್ಯವಿಲ್ಲ. ಗಂಡಸರಿಗೆ ಮೂರು, ಹೆಂಗಸರಿಗೆ ಐದು ತುಂಡು ಬಿಳಿ ಕಫನ್ ಬಟ್ಟೆ ಸಾಕು, ದೇಹ ಒಯ್ಯುವ ಸಂದೂಕು ಮಸೀದಿಯದೇ ಇರುತ್ತದೆ. ಸರಳತೆಯನ್ನೇ ನಿಯಮ ಮಾಡಿಕೊಂಡ ಪದ್ಧತಿ ಅದು. ಕ್ರೈಸ್ತರಲ್ಲಿ ಶವಪೆಟ್ಟಿಗೆ ಮತ್ತು ಸಮಾಧಿಯ ಜಾಗ ಖರ್ಚಿನ ದೊಡ್ಡ ಪಾಲು. ಪೆಟ್ಟಿಗೆಯ ಮರ, ಹಿಡಿ, ಒಳಗಿನ ಬಟ್ಟೆಯ ಮೇಲೆ ಬೆಲೆ ಹಲವು ಪಟ್ಟು ಏರುತ್ತದೆ. ಕಲ್ಲಿನ ಗೋರಿ ಕಟ್ಟಿಸುವುದು ಯಾವ ಧರ್ಮದಲ್ಲೂ ಆ ದಿನದ ಕೆಲಸವಲ್ಲ. ಅದನ್ನು ವರ್ಷ ಬಿಟ್ಟು, ಕೈಯಲ್ಲಿ ದುಡ್ಡಿದ್ದಾಗ ಯೋಚಿಸಬಹುದು.

ಗುಂಡಿ ತೋಡುವವರ ಬಗ್ಗೆ ಒಂದು ಮಾತು. ಅವರಲ್ಲಿ ಬಹುತೇಕರು ತಲೆಮಾರುಗಳಿಂದ ಸ್ಮಶಾನದ ಪಕ್ಕದಲ್ಲೇ ಬದುಕಿದ ದಲಿತ ಕುಟುಂಬದವರು. "ಕೈ ತುಂಬಾ ಕೇಳ್ತಾರೆ" ಎಂದು ನಾವು ಗೊಣಗುವ ದುಡ್ಡೇ ಎಷ್ಟೋ ಮಂದಿಗೆ ಆ ದಿನದ ಕೂಲಿ. ಮಧ್ಯವರ್ತಿಗೆ ಮರುಮಾತಿಲ್ಲದೆ ಸಾವಿರಾರು ಕೊಟ್ಟು, ಆರಡಿ ಮಣ್ಣು ತೆಗೆದವನ ಹತ್ತಿರ ಚೌಕಾಸಿ ಮಾಡುವುದು ಅನ್ಯಾಯ.

"ಅಂತ್ಯಸಂಸ್ಕಾರಕ್ಕೂ ಶೇ 18 ಜಿಎಸ್‌ಟಿ"

2022ರ ಜುಲೈನಲ್ಲಿ ವಾಟ್ಸಾಪ್‌ನಲ್ಲಿ ಹರಿದಾಡಿದ ಸುಳ್ಳು ಇದು. ಆಗ ಶೇ 12ರಿಂದ 18ಕ್ಕೆ ಏರಿದ್ದು ಚಿತಾಗಾರ ಮುಂತಾದವನ್ನು ಕಟ್ಟುವ ಗುತ್ತಿಗೆ ಕಾಮಗಾರಿಯ ತೆರಿಗೆ. ದಹನ, ಹೂಳುವಿಕೆ, ಶವಾಗಾರ, ಶವ ಸಾಗಣೆಯ ಸೇವೆಗಳಿಗೆ ತೆರಿಗೆಯೇ ಇಲ್ಲ. 2017ರ ಜಿಎಸ್‌ಟಿ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲೇ ಹಾಗೆಂದು ಬರೆದಿದೆ. ಶವ ವಾಹನದ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ತೆಗೆಸಿ.

"ಬಿಲ್ ಕಟ್ಟದಿದ್ದರೆ ಆಸ್ಪತ್ರೆಯವರು ಬಾಡಿ ಕೊಡಲ್ಲ"

ಕೊಡಲೇಬೇಕು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬಾಕಿಗಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬಹುದು, ಅದು ಬೇರೆ ವಿಷಯ. ಕೊಡದಿದ್ದರೆ ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರಕ್ಕೆ ದೂರು ಕೊಡಿ. ಹೆಣ ಬಿಡಿಸಿಕೊಳ್ಳಲು ತಾಳಿ ಅಡವಿಟ್ಟ ತಾಯಿಯೊಬ್ಬರನ್ನು ನಾನು ಬಲ್ಲೆ. ಈ ಒಂದು ನಿಯಮ ಗೊತ್ತಿದ್ದರೆ ಆ ತಾಯಿ ಅಂದು ಗಿರವಿ ಅಂಗಡಿಯ ಮೆಟ್ಟಿಲು ಹತ್ತಬೇಕಿರಲಿಲ್ಲ.

ಇನ್ನೊಂದು: 108ಕ್ಕೆ ಕರೆ ಮಾಡಿದರೆ ಶವ ಒಯ್ಯಲು ಗಾಡಿ ಬರುವುದಿಲ್ಲ. ಅದು ಜೀವ ಉಳಿಸುವ ತುರ್ತು ಸೇವೆ. ಸರ್ಕಾರಿ ಆಸ್ಪತ್ರೆಯಲ್ಲಿದ್ದರೆ ಶವ ಸಾಗಿಸುವ ವಾಹನ ಇದೆಯೇ ಎಂದು ಅಲ್ಲಿಯೇ ಮೊದಲು ಕೇಳಿ, ಆಮೇಲೆ ಹೊರಗೆ ಬನ್ನಿ.

"ಡೆತ್ ಸರ್ಟಿಫಿಕೇಟಿಗೆ ಏಜೆಂಟ್ ಬೇಕು"

ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ, ಮೊದಲ ಪ್ರಮಾಣಪತ್ರವೂ ಉಚಿತ. ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿ ಅಧಿಕಾರಿಗೆ ತಿಳಿಸುವ ಹೊಣೆ ಆಸ್ಪತ್ರೆಯದು. ಮನೆಯಲ್ಲಿ ತೀರಿಕೊಂಡರೆ ಮನೆಯ ಯಜಮಾನರದು. ಕೊನೆಯ ಕಾಯಿಲೆಗೆ ಔಷಧಿ ಕೊಟ್ಟ ವೈದ್ಯರು ಸಾವಿನ ಕಾರಣದ ಪತ್ರವನ್ನು ಹಣ ಪಡೆಯದೆ ಕೊಡಬೇಕು ಎಂದೂ ಅದೇ ಕಾಯ್ದೆಯಲ್ಲಿದೆ. ತಡವಾದಷ್ಟೂ ತೊಡಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು.

"ಸರ್ಕಾರದಿಂದ ಏನೂ ಸಿಗಲ್ಲ"

ಸಿಗುತ್ತದೆ, ಕೇಳಿದವರಿಗೆ. ಇಎಸ್‌ಐ ಇದ್ದ ಕಾರ್ಮಿಕರು ತೀರಿಕೊಂಡರೆ ಅಂತ್ಯಕ್ರಿಯೆಗೆ 15 ಸಾವಿರ ರೂಪಾಯಿವರೆಗೆ ಕೊಡುತ್ತಾರೆ. ಕುಟುಂಬದವರು ಇಲ್ಲದಿದ್ದರೆ ಕ್ರಿಯೆ ಮಾಡಿದವರಿಗೂ ಅದು ಸಲ್ಲುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರ ಮನೆಗೆ ಇದು ಗೊತ್ತೇ ಇಲ್ಲ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, ರಸೀದಿ ಇಟ್ಟುಕೊಳ್ಳಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದವರ ಕುಟುಂಬಕ್ಕೆ ಅಂತ್ಯಕ್ರಿಯೆಯ ವೆಚ್ಚ ಮತ್ತು ಅದರ ಜೊತೆಗೆ ಸಹಾಯಧನ ಇದೆ. ಬಡ ಕುಟುಂಬಗಳಿಗೆ ಕಂದಾಯ ಇಲಾಖೆಯ ಅಂತ್ಯಸಂಸ್ಕಾರ ಸಹಾಯನಿಧಿ ಸಿಗುತ್ತದೆಯೇ ಎಂದು ನಾಡಕಚೇರಿಯಲ್ಲಿ ವಿಚಾರಿಸಿ. ಗಲ್ಫ್‌ಗೆ ದುಡಿಯಲು ಹೋಗಿ ಅಲ್ಲೇ ಕಣ್ಣು ಮುಚ್ಚಿದವರ, ಕರಾವಳಿಯ ಎಷ್ಟೋ ಮನೆಗಳಿಗೆ ದೇಹ ತರಿಸುವ ವಿಮಾನದ ಖರ್ಚೇ ದೊಡ್ಡ ಹೊರೆ. ಉದ್ಯೋಗದಾತ ಕೈಯೆತ್ತಿದರೆ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಇಂಥ ನೆರವಿಗೆಂದೇ 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ.

ಆದರೆ ಇವೆಲ್ಲ ಆಮೇಲೆ ಬರುವ ದುಡ್ಡು. ಅಂದಿನ ಖರ್ಚಿಗೆಂದು ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಅದು ಕಾನೂನಿಗೆ ವಿರುದ್ಧ, ಮುಂದೆ ಅಣ್ಣತಮ್ಮಂದಿರ ನಡುವೆ ಜಗಳಕ್ಕೂ ಬೀಜ. ವಯಸ್ಸಾದವರ ಖಾತೆಗೆ ನಾಮಿನಿ ಹೆಸರು ಬರೆಸಿಡಿ, ಅಥವಾ ಜಂಟಿ ಖಾತೆ ಮಾಡಿಸಿ.

"ಸಾಲ ಮಾಡಿಯಾದರೂ ತಿಥಿ ಜೋರಾಗಿ ಮಾಡಬೇಕು"

ಇಷ್ಟೆಲ್ಲ ಹೇಳಿದ ಮೇಲೂ, ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಅತಿ ದೊಡ್ಡ ಮೊತ್ತ ಸ್ಮಶಾನದ್ದೂ ಅಲ್ಲ, ಗಾಡಿಯದೂ ಅಲ್ಲ. ಹನ್ನೊಂದನೇ ದಿನದ್ದು. ಶಾಮಿಯಾನ, ಕುರ್ಚಿ, ಅಡುಗೆಯವರು, 400 ಎಲೆ, ದಾನಕ್ಕೆ ಕೊಡೆ, ಚಪ್ಪಲಿ, ಹಾಸಿಗೆ, ಬಂದವರಿಗೆ ಸ್ಟೀಲ್ ಡಬ್ಬಿ. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಬಾಡೂಟವಿಲ್ಲದ ತಿಥಿ ತಿಥಿಯೇ ಅಲ್ಲ. 2015ರ 'ತಿಥಿ' ಸಿನಿಮಾವನ್ನು ಮಂಡ್ಯದ ಕಡೆಯವರು ತಮ್ಮೂರಿನದೇ ಕಥೆ ಎಂಬಂತೆ ನೋಡಿದ್ದು ಸುಮ್ಮನೆ ಅಲ್ಲ.

ತಿಥಿ ಮಾಡಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಊರೆಲ್ಲ ಕೂತು ಉಣ್ಣುವುದರಲ್ಲಿ ಸತ್ತವರ ಮನೆಯವರನ್ನು ಮತ್ತೆ ಬದುಕಿಗೆ ಕರೆತರುವ ಒಂದು ದೊಡ್ಡ ಗುಣ ಇದೆ. ತಪ್ಪು ಇರುವುದು, ಎಲೆಗಳ ಎಣಿಕೆಯೇ ಸತ್ತವರ ಮೇಲಿನ ಪ್ರೀತಿಯ ಅಳತೆ ಎಂಬ ನಂಬಿಕೆಯಲ್ಲಿ. ಕ್ರಿಯೆಗೆ ಬೇಕಾದ್ದು ಪಿಂಡ, ತರ್ಪಣ, ಕೈಲಾದಷ್ಟು ದಾನ. ಅಸ್ಥಿ ಬಿಡಲು ಕಾಶಿಗೇ ಹೋಗಬೇಕೆಂದಿಲ್ಲ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ನಮ್ಮ ಹಿಂದಿನವರೆಲ್ಲ ಬಿಟ್ಟಿದ್ದಾರೆ. ಡಬ್ಬಿ ಹಂಚುವುದು ಯಾವ ಶಾಸ್ತ್ರದಲ್ಲೂ ಇಲ್ಲ. ದೊಡ್ಡಪ್ಪನ ತಿಥಿಗೆ ಅಣ್ಣ ಕೈಸಾಲ ಮಾಡಿದ, ಅದು ತೀರಲು ಎರಡೂವರೆ ವರ್ಷ ಹಿಡಿಯಿತು. ಆ ಎರಡೂವರೆ ವರ್ಷವೂ ದೊಡ್ಡಮ್ಮನ ಬಿಪಿ ಮಾತ್ರೆಗೆ ಅವನು ತಿಂಗಳ ಕೊನೆಯಲ್ಲಿ ಲೆಕ್ಕ ಹಾಕುತ್ತಿದ್ದ. ದೊಡ್ಡಪ್ಪ ಇದ್ದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ದೇಹದಾನದ ಬಗ್ಗೆಯೂ ಇಂಥದೇ ಒಂದು ತಪ್ಪು ಮಾತಿದೆ, ಖರ್ಚು ತಪ್ಪಿಸಿಕೊಳ್ಳಲು ಕೊಡುತ್ತಾರೆ ಎಂದು. ವೈದ್ಯಕೀಯ ವಿದ್ಯಾರ್ಥಿಗಳು ಮನುಷ್ಯನ ಮೈಯನ್ನು ಮೊದಲು ಅರಿಯುವುದೇ ಹಾಗೆ ಕೊಟ್ಟವರಿಂದ. ಅದು ದೊಡ್ಡ ದಾನ. ಮರಣೋತ್ತರ ಪರೀಕ್ಷೆ ಆದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಅದನ್ನೇ ನೆಚ್ಚಿ ಕೂರುವಂತಿಲ್ಲ. ಕಣ್ಣನ್ನಂತೂ ಆರು ಗಂಟೆಯೊಳಗೆ ಬಹುತೇಕ ಎಲ್ಲರೂ ಕೊಡಬಹುದು, ಆಮೇಲೆ ಸುಡಲು, ಹೂಳಲು ಯಾವ ಅಡ್ಡಿಯೂ ಇಲ್ಲ.

ಈ ವಾರ ಬಿಡುವಾದಾಗ ನಿಮ್ಮ ವಾರ್ಡಿನ ಚಿತಾಗಾರಕ್ಕೋ ಸ್ಮಶಾನಕ್ಕೋ ಒಮ್ಮೆ ಹೋಗಿ ಬನ್ನಿ. ದರಪಟ್ಟಿ ಓದಿ, ಕಚೇರಿಯ ಫೋನ್ ನಂಬರು ಬರೆದುಕೊಳ್ಳಿ. ಮನೆಯ ಹಿರಿಯರು ಒಪ್ಪಿದರೆ ಅವರಿಗೆ ಸುಡುವುದು ಇಷ್ಟವೋ ಹೂಳುವುದೋ, ತಿಥಿಗೆ ಎಷ್ಟು ಜನ ಸಾಕು ಎಂದು ಅವರ ಬಾಯಲ್ಲೇ ಕೇಳಿ ಬರೆಸಿಕೊಳ್ಳಿ. ಆ ಹಾಳೆಯನ್ನು ರೇಷನ್ ಕಾರ್ಡಿನ ಜೊತೆ ಇಡಿ. ನಮ್ಮ ದೊಡ್ಡಮ್ಮ ಹೋದ ವರ್ಷ ಬರೆಸಿದ್ದಾರೆ: ಕರೆಂಟಿನಲ್ಲೇ ಸುಡಿ, ಐವತ್ತು ಎಲೆ ಸಾಕು, ಸಾಲ ಮಾಡಬೇಡಿ.